ಜೂನ್ ಮೂವತ್ತು: ಸಂಸ್ಥಾನದ ಚರಿತ್ರೆಯಲ್ಲಿ ಒಂದು ದಿನ

ಪಂಚಾಂಗವನ್ನು ನೋಡಿ ದಿನವನ್ನೆಣಿಸುವ ಅಭ್ಯಾಸದಲ್ಲಿ ಬೆಳೆದವನು ನಾನು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಸಂಕಲ್ಪವನ್ನು ಹೇಳಿಸುವಾಗ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳನ್ನು ಕ್ರಮವಾಗಿ ಉಚ್ಚರಿಸದೆ ಮುಂದಿನ ಮಂತ್ರಕ್ಕೆ ಹೋಗಗೊಡುತ್ತಿರಲಿಲ್ಲ. ದೇಶಕಾಲಗಳನ್ನು ಹೇಳದೆ ಮಾಡಿದ ಕರ್ಮವು ವಿಳಾಸವಿಲ್ಲದ ಕಾಗದದಂತೆ ಎಲ್ಲಿಗೂ ಮುಟ್ಟದೆಂದು ಅವರು ಹೇಳುತ್ತಿದ್ದರು. ಮುಂದೆ ನಾನು ಶಾಲೆಯ ಉಪಾಧ್ಯಾಯನಾದಾಗ ಈ ಅಭ್ಯಾಸವು ಬೇರೊಂದು ರೂಪವನ್ನು ತಾಳಿತು. ಪ್ರತಿದಿನವೂ ಕರಿಹಲಗೆಯ ಮೂಲೆಯಲ್ಲಿ ಅಂದಿನ ತಾರೀಖನ್ನು ಬರೆದು, ಅದರ ಕೆಳಗೆ ಅದೇ ತಾರೀಖಿನಲ್ಲಿ ನಮ್ಮ ನಾಡಿನಲ್ಲಿ ನಡೆದುದೊಂದು ಸಂಗತಿಯನ್ನು ಬರೆಯುವುದು ನನ್ನ ಪದ್ಧತಿಯಾಯಿತು.

ಒಂದು ವರ್ಷ ಜೂನ್ ೩೦ನೆಯ ತಾರೀಖು ಎರಡು ಸಾಲುಗಳನ್ನು ಬರೆದೆನು. "೧೭೯೯: ಮೂರನೆಯ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ. ೧೯೦೨: ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ." ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, "ಸಾರ್, ಆವತ್ತು ನಮ್ಮೂರಿಗೆ ಏನು ಬಂತು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಕೂತ್ಕೊಳಪ್ಪ" ಎಂದೆನು. ನಮ್ಮ ಊರು ಕ್ಯಾತನಹಳ್ಳಿ. ಪಟ್ಟಾಭಿಷೇಕಕ್ಕೂ ಚಿನ್ನದ ಗಣಿಗೂ ಈ ಹಳ್ಳಿಗೂ ಏನು ಸಂಬಂಧವೆಂದು ಆ ಹೊತ್ತಿಗೆ ತೋರಿತು. ನಿವೃತ್ತನಾದ ಮೇಲೆ ಬಿಡುವಿನ ವೇಳೆಯಲ್ಲಿ ಆ ಪ್ರಶ್ನೆಯು ಪದೇ ಪದೇ ನೆನಪಿಗೆ ಬಂದು, ಅದು ನಗತಕ್ಕ ಪ್ರಶ್ನೆಯಲ್ಲ, ಚರಿತ್ರೆಯನ್ನು ಓದುವವನು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು ಎಂದು ಮನವರಿಕೆಯಾಯಿತು. ತಡವಾಗಿಯಾದರೂ ಉತ್ತರ ಹೇಳುವ ಪ್ರಯತ್ನವೇ ಈ ಲೇಖನ.

ಮೊದಲಿಗೇ ಒಂದು ಮಾತು. ಒಂದೇ ತಾರೀಖಿನಲ್ಲಿ ಎರಡು ಸಂಗತಿಗಳು ನಡೆದುವೆಂದಮಾತ್ರಕ್ಕೆ ಅವುಗಳಿಗೆ ಕಾರ್ಯಕಾರಣ ಸಂಬಂಧವಿದೆಯೆಂದು ಹೇಳಲಾಗದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಗಂಟುಹಾಕುವುದನ್ನು ನಮ್ಮ ಹಿರಿಯರು ಕಾಕತಾಳೀಯವೆಂದರು. ಈ ಎರಡು ದಿನಗಳಲ್ಲಿ ಅಂತಹ ಆಕಸ್ಮಿಕಗಳು ಹಲವು ಕೂಡಿವೆ. ೧೭೯೯ ಸಿದ್ಧಾರ್ಥಿ ಸಂವತ್ಸರ. ೧೯೦೨ ಶುಭಕೃತು ಸಂವತ್ಸರ. ಎರಡರಲ್ಲಿಯೂ ಜೂನ್ ೩೦ ಜ್ಯೇಷ್ಠ ಮಾಸದ ಕೃಷ್ಣಪಕ್ಷದಲ್ಲಿಯೇ ಬಿದ್ದಿತು. ಎರಡು ದಿನಗಳಲ್ಲಿಯೂ ಸಂಸ್ಥಾನದ ದೊರೆಯು ಅಧಿಕಾರವನ್ನು ವಹಿಸದ ಬಾಲಕ ಅಥವಾ ತರುಣ. ಎರಡು ದಿನಗಳಲ್ಲಿಯೂ ಆ ದೊರೆಯ ಹಿಂದೆ ಒಬ್ಬ ರಾಣಿ. ೧೭೯೯ರಲ್ಲಿ ದಿವಾನರಾದವರು ಪೂರ್ಣಯ್ಯನವರು; ೧೯೦೨ರಲ್ಲಿ ದಿವಾನರಾಗಿದ್ದವರು ಅವರ ವಂಶೀಯರೇ ಆದ ಪಿ. ಎನ್. ಕೃಷ್ಣಮೂರ್ತಿಯವರು. ಇವೆಲ್ಲ ಕಾಕತಾಳೀಯವೇ ಇರಲಿ. ಆದರೆ ಒಂದು ಮಾತ್ರ ಕಾಕತಾಳೀಯವಲ್ಲ. ಅದನ್ನು ಮುಂದೆ ಹೇಳುವೆನು.

ಮೊದಲನೆಯ ದಿನವನ್ನು ನೋಡೋಣ. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಟಿಪ್ಪು ಸುಲ್ತಾನನು ಕೋಟೆಯೊಳಗೆ ಹೋರಾಡುತ್ತ ಮಡಿದನು. ರಾಜಧಾನಿಯು ಸೂರೆಯಾಯಿತು. ಅದಾದ ಎಂಟು ವಾರಗಳಲ್ಲಿ ರಾಜ್ಯವನ್ನು ಹಂಚುವ ಕೆಲಸ ನಡೆಯಿತು. ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವು ಜನರಲ್ ಹ್ಯಾರಿಸ್, ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮೊದಲಾದವರ ಒಂದು ಮಂಡಲಿಯನ್ನು ನೇಮಿಸಿದನು. ಜಾನ್ ಮಾಲ್ಕಮ್, ಥಾಮಸ್ ಮನ್ರೊ ಇವರು ಅದರ ಕಾರ್ಯದರ್ಶಿಗಳು. ಜೂನ್ ೨೨ರಂದು ನಿಜಾಮನೊಡನೆ ಒಪ್ಪಂದವಾಗಿ, ಟಿಪ್ಪುವಿನ ರಾಜ್ಯದ ಕೆಲವು ಸೀಮೆಗಳು ಕುಂಪಣಿಗೂ ಕೆಲವು ನಿಜಾಮನಿಗೂ ಸಂದುವು. ಉಳಿದ ಮಧ್ಯಭಾಗವನ್ನು ಹಳೆಯ ಅರಸುಮನೆತನಕ್ಕೆ ಕೊಡಬೇಕೆಂದು ನಿಶ್ಚಯವಾಯಿತು.

ಆ ಮನೆತನದ ವಾರಸುದಾರನು ಐದು ವರ್ಷವೂ ತುಂಬದ ಹುಡುಗ. ೧೭೯೪ನೆಯ ಜುಲೈ ೧೪ರಂದು ಶ್ರೀರಂಗಪಟ್ಟಣದಲ್ಲಿ ಹುಟ್ಟಿದವನು. ೧೭೯೬ರಲ್ಲಿ ಅವನ ತಂದೆ ತೀರಿಕೊಂಡ ಮೇಲೆ ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ ಸಾಮಾನ್ಯವಾದೊಂದು ಮನೆಯಲ್ಲಿ ಇರಿಸಲಾಗಿದ್ದಿತು. ಇಂಗ್ಲಿಷ್ ಅಧಿಕಾರಿಗಳು ಭಾವೀ ದೊರೆಯನ್ನು ಕಂಡುದು ಅಂತಹ ಬಡಸ್ಥಿತಿಯಲ್ಲಿ. ಜೂನ್ ೩೦, ಭಾನುವಾರ, ಮೈಸೂರಿನಲ್ಲಿ ಪಟ್ಟಾಭಿಷೇಕ. ಅರಮನೆಯಿರಲಿಲ್ಲ, ಮೈಸೂರಿನ ಹಳೆಯ ಕೋಟೆಯನ್ನು ಟಿಪ್ಪುವು ಕೆಡವಿಸಿ, ಅದರ ಕಲ್ಲುಗಳಿಂದ ಸಮೀಪದ ದಿಣ್ಣೆಯ ಮೇಲೆ ನಜರಾಬಾದನ್ನು ಕಟ್ಟಿಸತೊಡಗಿದ್ದನು. ಆದುದರಿಂದ ಲಕ್ಷ್ಮೀರಮಣಸ್ವಾಮಿಯ ದೇವಾಲಯದ ಬಳಿ ಚಪ್ಪರವನ್ನು ಹಾಕಿಸಿದರು. ಜನರಲ್ ಹ್ಯಾರಿಸನು ಒಂದು ಕೈಯನ್ನೂ, ನಿಜಾಮನ ಪ್ರತಿನಿಧಿಯಾದ ಮೀರ್ ಆಲಮನು ಮತ್ತೊಂದು ಕೈಯನ್ನೂ ಹಿಡಿದು ಬಾಲಕನನ್ನು ಗದ್ದುಗೆಯ ಮೇಲೆ ಕುಳ್ಳಿರಿಸಿದರು. ಆಮೇಲೆ ನಜರಾಬಾದಿನ ಕಲ್ಲುಗಳೇ ಮರಳಿ ಬಂದು ಮೈಸೂರಿನ ಕೋಟೆಯಾದುವು.

ಶಾಲೆಯ ಪುಸ್ತಕಗಳಲ್ಲಿ ಈ ದಿನದ ವರ್ಣನೆಯು ಹ್ಯಾರಿಸ್, ವೆಲ್ಲೆಸ್ಲಿ, ಪೂರ್ಣಯ್ಯ ಎಂಬ ಹೆಸರುಗಳಲ್ಲಿ ಮುಗಿದುಹೋಗುತ್ತದೆ. ಆದರೆ ಈ ದಿನಕ್ಕೆ ಬಿತ್ತಿದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಅವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ೧೭೬೧ರಲ್ಲಿ ಅಧಿಕಾರವು ಹೈದರ್ ಅಲಿಯ ಕೈಸೇರಿತು. ೧೭೬೬ರಲ್ಲಿ ಪತಿಯು ತೀರಿಕೊಂಡರು. ಅಲ್ಲಿಂದ ಮುಂದೆ ಮೂವತ್ತಮೂರು ವರ್ಷಗಳ ಕಾಲ, ಶತ್ರುವೆಂದು ತಾವು ತಿಳಿದಿದ್ದವರ ಕೋಟೆಯೊಳಗೇ ಇದ್ದುಕೊಂಡು, ತಿರುಮಲರಾಯನೇ ಮೊದಲಾದ ಪ್ರಧಾನರ ಮೂಲಕ ಅವರು ಇಂಗ್ಲಿಷರೊಡನೆ ಗುಪ್ತವಾಗಿ ವ್ಯವಹರಿಸಿದರು. ೧೭೮೨ರಲ್ಲಿ ಒಂದು ಒಡಂಬಡಿಕೆಯೂ ಆಗಿ ಅದು ಕಾಗದದಲ್ಲಿಯೇ ಉಳಿಯಿತು. ಒಂದು ಯುದ್ಧ ಮುಗಿದು ಸಂಧಿಯಾದಾಗಲೆಲ್ಲ ಅವರ ಆಸೆ ಮುರಿಯಿತು. ಅವರ ರಾಜನೀತಿಯನ್ನು ಯಾರು ಹೇಗೆ ಬೇಕಾದರೂ ತೂಗಲಿ, ಅವರ ತಾಳ್ಮೆಯನ್ನು ಅಲ್ಲಗಳೆಯಲಾಗದು. ಪಟ್ಟಾಭಿಷೇಕವು ಫಲದ ದಿನ. ಬಿತ್ತಿದ ದಿನಕ್ಕೆ ತಾರೀಖಿಲ್ಲ.

ಇದರ ಮತ್ತೊಂದು ಮುಖವನ್ನೂ ಮರೆಯಬಾರದು. ಒಂದು ಮನೆಯ ಮಗುವಿಗೆ ಸಿಂಹಾಸನವು ಬಂದ ಅದೇ ಜೂನ್ ತಿಂಗಳಿನಲ್ಲಿಯೇ ಮತ್ತೊಂದು ಮನೆಯ ಮಕ್ಕಳು ವೇಲೂರಿನ ಕೋಟೆಗೆ ಹೊರಟರು. ಟಿಪ್ಪುವಿನ ಗಂಡುಮಕ್ಕಳನ್ನು ಇಂಗ್ಲಿಷರು ಅಲ್ಲಿ ಕಾವಲಿನಲ್ಲಿಟ್ಟರು. ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದು ಎಣಿಕೆ. ೧೮೦೦ರಲ್ಲಿ ಬುಕಾನನ್ ಎಂಬ ವೈದ್ಯನು ಬಂದು ನೋಡಿದಾಗ ಮೂವತ್ತೆರಡು ಸಾವಿರದಷ್ಟು ಮಾತ್ರ ಉಳಿದಿದ್ದರು. ರಾಜಧಾನಿಯನ್ನು ನಂಬಿ ಬದುಕುತ್ತಿದ್ದ ನೇಕಾರ, ಕಮ್ಮಾರ, ಗಾಡಿಯವ, ಸಿಪಾಯಿ ಇವರೆಲ್ಲರ ಅನ್ನವೂ ಒಂದು ಬೇಸಗೆಯಲ್ಲಿ ಹೋಯಿತು.

ಇನ್ನು ನಮ್ಮ ಸುತ್ತಿನ ಹಳ್ಳಿಗಳಿಗೆ ಆ ದಿನವು ಏನನ್ನು ತಂದಿತು? ಜುಲೈ ೮ರಂದು ಸಹಿಯಾದ ಒಪ್ಪಂದದಂತೆ ಹೊಸ ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕುಂಪಣಿಗೆ ಸಲ್ಲಿಸಬೇಕಾಯಿತು. ಶ್ರೀರಂಗಪಟ್ಟಣದ ದ್ವೀಪವು ೧೮೮೧ರವರೆಗೂ ಇಂಗ್ಲಿಷರ ಸ್ವತ್ತಾಗಿಯೇ ಉಳಿಯಿತು. ಹಿರೋಡೆಯು, ಎಂದರೆ ಈಗಿನ ಪಾಂಡವಪುರವು, ಮೊದಲು ಸುಲ್ತಾನನ ಫ್ರೆಂಚ್ ಪಡೆಗೆ ನೆಲೆಯಾಗಿ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದಿತು. ಈಗ ಅದೇ ಹೆಸರಿನಲ್ಲಿ ಇಂಗ್ಲಿಷ್ ದಂಡಿನ ಠಾಣ್ಯವಾಯಿತು. ಪೂರ್ಣಯ್ಯನವರು ದಕ್ಷರು, ಕೆರೆ ಕಾಲುವೆಗಳನ್ನು ತಿದ್ದಿಸಿದರು, ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಆದರೂ ಆ ಏಳು ಲಕ್ಷ ವರಹವು ಟಂಕಸಾಲೆಯಲ್ಲಿ ಹುಟ್ಟಿದುದಲ್ಲ, ರೈತನ ಕಣದಲ್ಲಿ ಹುಟ್ಟಿದುದು. ಮೈಸೂರಿನಲ್ಲಿ ಕಿರೀಟ, ಹಳ್ಳಿಯಲ್ಲಿ ಕಂದಾಯ. ಇದು ಹುಡುಗನ ಪ್ರಶ್ನೆಗೆ ಮೊದಲನೆಯ ಉತ್ತರ.

ಇನ್ನು ನೂರಮೂರು ವರ್ಷಗಳನ್ನು ದಾಟಿ ಎರಡನೆಯ ದಿನಕ್ಕೆ ಬರೋಣ. ಈ ನಡುವೆ ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ೧೮೮೧ನೆಯ ಮಾರ್ಚ್ ೨೫ರಂದು ಅದು ಅರಸರಿಗೆ ಮರಳಿತು. ೧೮೯೪ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲಮರಣವನ್ನು ಹೊಂದಿದರು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಜನರ ಬಾಯಲ್ಲಿ ವಾಣೀವಿಲಾಸ ಸನ್ನಿಧಾನದವರು, ರಾಜಪ್ರತಿನಿಧಿಯಾಗಿ ರಾಜ್ಯವನ್ನು ನಡೆಸಿದರು. ತರುಣ ಮಹಾರಾಜರಿಗೆ ಪೂರ್ಣಾಧಿಕಾರವು ಬಂದುದು ೧೯೦೨ನೆಯ ಆಗಸ್ಟ್ ೮ರಂದು. ಅದಕ್ಕೆ ಮೂವತ್ತೊಂಬತ್ತು ದಿನಗಳ ಮೊದಲು, ಜೂನ್ ೩೦, ಸೋಮವಾರ, ಕಾವೇರಿಯ ಶಕ್ತಿಯು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು.

ಶಿವನಸಮುದ್ರದ ಪೂರ್ವದ ವಿದ್ಯುದಾಗಾರವು ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿ ನದಿಯು ಸುಮಾರು ನಾನೂರು ಅಡಿ ಇಳಿಯುತ್ತದೆ. ಆ ಇಳಿತದಿಂದ ವಿದ್ಯುತ್ತನ್ನು ಪಡೆಯಬಹುದೆಂದು ಲೆಕ್ಕಹಾಕಿ ಯೋಜನೆಯನ್ನು ಸಿದ್ಧಪಡಿಸಿದವನು ಸಂಸ್ಥಾನದ ಸೇವೆಯಲ್ಲಿದ್ದ ಇಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. ಅದಕ್ಕೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ವಿದ್ಯುದ್ಯಂತ್ರಗಳು ಅಮೆರಿಕದಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದಲೂ ಬಂದುವು. ರೈಲು ನಿಲ್ಲುವಲ್ಲಿಂದ ಮುಂದೆ ಅವನ್ನು ಸಾಗಿಸಿದುದು ಎತ್ತುಗಳು ಮತ್ತು ಆನೆಗಳು. ಅಲ್ಲಿಂದ ಗಣಿಗಳಿಗೆ ತಂತಿಯ ದಾರಿ ೯೨ ಮೈಲಿ. ಅಂದಿನ ಜಗತ್ತಿನ ಅತಿದೀರ್ಘ ವಿದ್ಯುನ್ಮಾರ್ಗಗಳಲ್ಲಿ ಅದೊಂದು. ಮೊದಲ ಹಂತದಲ್ಲಿ ಗಣಿಗಳಿಗೆ ಒದಗಿಸಿದುದು ನಾಲ್ಕು ಸಾವಿರ ಕುದುರೆಶಕ್ತಿಯಷ್ಟು. ಇದನ್ನು ಕಾಣಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಅವರು ಕಾಲವಾಗಿದ್ದರು. ಇಲ್ಲಿಯೂ ಬಿತ್ತಿದವರು ಒಬ್ಬರು, ಫಲದ ದಿನದಲ್ಲಿ ನಿಂತವರು ಮತ್ತೊಬ್ಬರು.

ಆ ಬೆಳಕು ಮೊದಲು ಹೋದುದು ಎಲ್ಲಿಗೆ? ಭೂಮಿಯ ಒಡಲಿಗೆ, ಚಿನ್ನವನ್ನು ಅಗೆಯುವಲ್ಲಿಗೆ. ಗಣಿಗಳನ್ನು ನಡೆಸುತ್ತಿದ್ದವರು ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆಯವರು. ಚಿನ್ನವು ಸಮುದ್ರವನ್ನು ದಾಟುತ್ತಿದ್ದಿತು. ಸಂಸ್ಥಾನಕ್ಕೆ ರಾಜಧನವೂ ವಿದ್ಯುತ್ತಿನ ಬೆಲೆಯೂ ಸಲ್ಲುತ್ತಿದ್ದುವು. ಆ ಹಣದಿಂದ ರಾಜ್ಯಕ್ಕೆ ಉಪಕಾರವಾದುದು ದಿಟ. ೧೯೦೫ನೆಯ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ೧೯೦೮ರಲ್ಲಿ ಮೈಸೂರು ಬೆಳಗಿತು. ಆದರೆ ತಂತಿಗಳು ಯಾರ ಹೊಲಗಳ ಮೇಲೆ ಹಾದುಹೋದುವೋ ಅವರ ಗುಡಿಸಲುಗಳಲ್ಲಿ ಹರಳೆಣ್ಣೆಯ ಹಣತೆಯೂ ಸೀಮೆಎಣ್ಣೆಯ ಬುಡ್ಡಿಯೂ ಇನ್ನೂ ಬಹುಕಾಲ ಉರಿದುವು. ದೀಪದ ಬುಡದಲ್ಲಿ ಕತ್ತಲೆಯೆಂಬ ನಮ್ಮ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನವು ಸಿಕ್ಕದು. ಇದು ಹುಡುಗನ ಪ್ರಶ್ನೆಗೆ ಎರಡನೆಯ ಉತ್ತರ.

ಕಾಕತಾಳೀಯವಲ್ಲದ್ದು ಒಂದಿದೆಯೆಂದು ಮೊದಲಿಗೆ ಹೇಳಿದೆನಷ್ಟೆ. ಅದು ಇದೇ. ಎರಡು ದಿನಗಳಲ್ಲಿಯೂ ಲಾಭವು ಇಲ್ಲಿ ಹುಟ್ಟಿ ಹೊರಕ್ಕೆ ಹರಿಯಿತು. ೧೭೯೯ರಲ್ಲಿ ಹೊಲದ ಬೆಳೆಯು ವರಹವಾಗಿ ಹೋಯಿತು. ೧೯೦೨ರಲ್ಲಿ ನದಿಯ ಬಲವು ತಂತಿಯಲ್ಲಿ ಹೋಯಿತು. ಆಳುವವರು ದೂರದಲ್ಲಿದ್ದರೆ ಹೀಗಾಗುವುದು ಆಕಸ್ಮಿಕವಲ್ಲ.

ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಏಕೆಂದರೆ ೧೯೦೨ರ ಕಾರ್ಯದಿಂದಲೇ ಮುಂದಿನ ಒಳಿತೂ ಹುಟ್ಟಿತು. ಬೇಸಗೆಯಲ್ಲಿ ಕಾವೇರಿಯ ನೀರು ಇಳಿದಾಗ ಗಣಿಗಳಿಗೆ ಸಾಕಷ್ಟು ಶಕ್ತಿಯನ್ನು ಕೊಡುವುದು ಕಷ್ಟವಾಗುತ್ತಿದ್ದಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವೆಲ್ಲ ಸಮನಾಗಿ ಬಿಡಬೇಕು. ಅದರೊಡನೆ ಹೊಲಗಳಿಗೂ ನೀರುಣಿಸಬೇಕು. ಈ ಎರಡು ಉದ್ದೇಶಗಳಿಂದ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಕಟ್ಟೆಯನ್ನು ಯೋಚಿಸಿದರು. ೧೯೧೧ರಲ್ಲಿ ಕೆಲಸವು ಆರಂಭವಾಯಿತು. ಅದೇ ಎಡೆಯಲ್ಲಿ ಕಾವೇರಿಗೆ ಕಟ್ಟೆಯನ್ನು ಕಟ್ಟಿಸಬೇಕೆಂದು ಟಿಪ್ಪು ಸುಲ್ತಾನನು ಕೆತ್ತಿಸಿದ್ದ ಪಾರಸಿ ಶಾಸನವೂ ದೊರೆತು, ಇಂದಿಗೂ ಅದನ್ನು ಕಟ್ಟೆಯ ಬಳಿ ನೋಡಬಹುದು. ಸೋತವನ ಆಸೆಯನ್ನು ಗೆದ್ದವರ ವಂಶವು ನೆರವೇರಿಸಿತು, ನದಿಗೆ ಪಕ್ಷಗಳಿಲ್ಲ. ಜಲಾಶಯದ ನೀರನ್ನು ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದ ಮೂಲಕ ಸಾಗಿಸಿದರು. ಅಂದು ಇರ್ವಿನ್ ನಾಲೆಯೆನಿಸಿಕೊಂಡು ಇಂದು ವಿಶ್ವೇಶ್ವರಯ್ಯ ನಾಲೆಯಾಗಿರುವ ಆ ಕಾಲುವೆಯಿಂದ ರಾಗಿ ಜೋಳದ ಬಯಲು ಕಬ್ಬು ಬತ್ತದ ಬಯಲಾಯಿತು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಹೀಗೆ ಬೆಳೆದ ಸೀಮೆಗೆ ತನ್ನದೇ ಆಡಳಿತವು ಬೇಕಾಯಿತು. ೧೯೩೯ನೆಯ ಜುಲೈ ೧ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯು ಹುಟ್ಟಿತು.

ಆದುದರಿಂದ ೧೯೩೯ನೆಯ ಜೂನ್ ೩೦ ನಮ್ಮ ಹಿರಿಯರು ಮೈಸೂರು ಜಿಲ್ಲೆಯವರಾಗಿ ಮಲಗಿದ ಕೊನೆಯ ರಾತ್ರಿ. ಬೆಳಗಾಗೆದ್ದಾಗ ಅವರು ಮಂಡ್ಯದವರು. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ಶಾಸ್ತ್ರಕಾರರು ದೇಹಲೀದೀಪನ್ಯಾಯವೆನ್ನುವರು. ಆ ರಾತ್ರಿಯು ಅಂತಹ ಹೊಸ್ತಿಲು. ೧೭೯೯ರ ಮತ್ತು ೧೯೦೨ರ ಜೂನ್ ಮೂವತ್ತುಗಳಲ್ಲಿ ಹೊರಕ್ಕೆ ಹರಿದುದರ ಒಂದು ಪಾಲಾದರೂ ಈ ಮೂರನೆಯದರ ವೇಳೆಗೆ ಕಾಲುವೆಯ ನೀರಾಗಿ ಮನೆಯ ಬಾಗಿಲಿಗೆ ಬಂದಿದ್ದಿತು.

ಇದಕ್ಕೂ ಬೆಲೆ ತೆತ್ತವರಿದ್ದಾರೆ. ಹಳೆಯ ಕನ್ನಂಬಾಡಿಯೂ ನೆರೆಯ ಹಳ್ಳಿಗಳೂ ನೀರಿನಲ್ಲಿ ಮುಳುಗಿದುವು. ಅಲ್ಲಿಯ ಜನರು ಉಳುತ್ತಿದ್ದ ನೆಲವನ್ನೂ ಹಿರಿಯರ ಸಮಾಧಿಗಳನ್ನೂ ಬಿಟ್ಟು ದಡಗಳ ಮೇಲಕ್ಕೆ ಹೋದರು. ವೇಣುಗೋಪಾಲಸ್ವಾಮಿಯ ದೇವಾಲಯವು ಹಲವು ದಶಕಗಳ ಕಾಲ ನೀರಿನಲ್ಲಿದ್ದು, ಜಲಾಶಯವು ಬತ್ತಿದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತಿದ್ದಿತು. ಈಚೆಗೆ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ಬಳಿ ಮತ್ತೆ ಕಟ್ಟಿದ್ದಾರೆ. ದೇವರ ಗುಡಿಯನ್ನು ಬಿಚ್ಚಿ ಕಟ್ಟಬಹುದು; ಮುಳುಗಿದ ಊರಿನ ಓಣಿಗಳನ್ನು ಕಟ್ಟಲಾಗದು. ನಮ್ಮ ಗದ್ದೆಗೆ ನೀರು ಬಿಡುವಾಗ ಅದು ಯಾರ ಅಂಗಳದ ಮೇಲಿಂದ ಹರಿದು ಬಂದಿತೆಂಬುದನ್ನು ಒಮ್ಮೆ ನೆನೆಯುವುದು ಧರ್ಮ. ಅತ್ತ, ೧೯೦೨ರ ಬೆಳಕು ಯಾವುದಕ್ಕಾಗಿ ಹೋಯಿತೋ ಆ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು. ಚಿನ್ನವು ಮುಗಿಯಿತು, ನೀರು ಉಳಿಯಿತು.

ಹೀಗೆ ಉತ್ತರವನ್ನು ಕೂಡಿಸಿದ ಮೇಲೆ ನನಗೇ ಒಂದು ನಾಚಿಕೆಯು ಉಂಟಾಯಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಓದಿಗೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತ ಮಾಡುತ್ತ ಬೆಳಗಾಗುವ ವೇಳೆಗೆ ಮೂಗಿನ ಹೊಳ್ಳೆಗಳಲ್ಲಿ ಕಾಡಿಗೆ ಕಟ್ಟಿರುತ್ತಿದ್ದಿತು. ಒಂದು ಸಂಜೆ ಮನೆಗೆ ವಿದ್ಯುದ್ದೀಪವು ಬಂದಿತು. ನಡುಮನೆಯ ತೊಲೆಗೆ ಕಟ್ಟಿದ ಒಂದೇ ಒಂದು ಬಲ್ಬು. ನಮ್ಮಜ್ಜಿ ಅದಕ್ಕೆ ಕೈಮುಗಿದು, ಬಳಿಕ ಎಂದಿನಂತೆ ದೇವರ ಮುಂದಿನ ಎಣ್ಣೆಯ ದೀಪವನ್ನೂ ಹಚ್ಚಿದರು. "ಅದು ಸರ್ಕಾರದ್ದು ಕಣಪ್ಪ, ಇದು ನಮ್ಮದು" ಎಂದರು. ಆ ಮಾತು ನೆನಪಿದೆ. ಬಲ್ಬಿನ ಬಣ್ಣವೂ, ಅಂದು ಮೊದಲಬಾರಿಗೆ ಕಂಡ ಗೋಡೆಯ ಮೂಲೆಯ ಜೇಡರ ಬಲೆಯೂ ನೆನಪಿದೆ. ತಾರೀಖು ನೆನಪಿಲ್ಲ. ೧೭೯೯ರ ಪಟ್ಟಾಭಿಷೇಕವು ಯಾವ ಪಕ್ಷದಲ್ಲಿ ನಡೆಯಿತೆಂಬುದನ್ನು ಬಲ್ಲ ನಾನು, ನಮ್ಮ ಮನೆಗೆ ಬೆಳಕು ಬಂದ ದಿನವನ್ನು ಬರೆದಿಡಲಿಲ್ಲ. ಕೇಳೋಣವೆಂದರೆ ಅಜ್ಜಿಯಿಲ್ಲ, ತಂದೆತಾಯಿಗಳೂ ಇಲ್ಲ.

ಅರಸರ ದಿನಗಳನ್ನು ಬರೆದಿಡಲು ಕರಣಿಕರಿದ್ದರು, ಇಂಗ್ಲಿಷರ ದಿನಗಳಿಗೆ ಕಾರ್ಯದರ್ಶಿಗಳಿದ್ದರು. ನಮ್ಮ ದಿನಗಳಿಗೆ ನಾವಲ್ಲದೆ ಮತ್ತಾರೂ ಇಲ್ಲ. ಊರಿನ ಕಾಲುವೆಗೆ ಮೊದಲ ನೀರು ಹರಿದ ದಿನ, ಮೊದಲ ದೀಪವು ಹತ್ತಿದ ಸಂಜೆ, ಮೊದಲ ಹೆಣ್ಣುಮಗು ಶಾಲೆಗೆ ನಡೆದ ಬೆಳಗು ಇವುಗಳನ್ನು ಕಂಡ ಹಿರಿಯರು ಎಂಬತ್ತು ತೊಂಬತ್ತರ ವಯಸ್ಸಿನಲ್ಲಿ ಅಲ್ಲಲ್ಲಿ ಇನ್ನೂ ಇದ್ದಾರೆ. ಪ್ರತಿ ಮನೆಯವರೂ ಅವರ ಬಳಿ ಕುಳಿತು ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕೆಂದು ಈ ಪತ್ರಿಕೆಯ ವಾಚಕಮಹಾಶಯರಲ್ಲಿ ನನ್ನ ವಿನಯಪೂರ್ವಕವಾದ ಅರಿಕೆ. ಸಂವತ್ಸರ ತಿಥಿಗಳು ತಿಳಿಯದಿದ್ದರೆ ಚಿಂತೆಯಿಲ್ಲ. "ದೊಡ್ಡ ಮಳೆ ಬಂದ ವರ್ಷ, ಸುಗ್ಗಿಯ ಹೊತ್ತಿಗೆ" ಎಂದಷ್ಟೇ ಇದ್ದರೂ ಸಾಕು.

ಅಂದು ಪ್ರಶ್ನೆಯನ್ನು ಕೇಳಿದ ಹುಡುಗನು ಈಗ ನಮ್ಮೂರಿನಲ್ಲಿಯೇ ವ್ಯವಸಾಯ ಮಾಡಿಕೊಂಡಿದ್ದಾನೆ. ಕಳೆದ ವಾರ ಗದ್ದೆಯ ಬದುವಿನ ಮೇಲೆ ಸಿಕ್ಕಿದಾಗ ಇದಿಷ್ಟನ್ನೂ ಅವನಿಗೆ ಹೇಳಿದೆನು. ಹಾರೆಯ ಮೇಲೆ ಕೈಯೂರಿ ಕೊನೆಯವರೆಗೂ ಕೇಳಿದನು. ಆಮೇಲೆ, "ನಮ್ಮಜ್ಜಿ ಇನ್ನೂ ಗಟ್ಟಿಯಾಗವ್ಳೆ ಸಾರ್, ಇವತ್ತೇ ಕೇಳ್ತೀನಿ" ಎಂದು ಹೇಳಿ, ನೀರು ತಿರುಗಿಸಲು ಹೋದನು.